ಹೆಬ್ಬೆರಳು

ಪಾದದ ಮೇಲೆ ಹೆಬ್ಬೆರಳಿಟ್ಟು ಒತ್ತಿ
ಮೂರು ಎಣಿಸಿ ತೆಗೆದೆ.
ಕುಳಿ ಬಿತ್ತು. ಏಳಲಿಲ್ಲ.
ನಾದಿದ ಜೋಳದ ಹಿಟ್ಟಿನಲ್ಲಿ ಉಳಿಯುತ್ತದಲ್ಲ, ಹಾಗೆ.

"ಮೈ ತುಂಬ್ಯಾನ ಅಂದ್ಕೊಂಡಿದ್ವಿರಿ" ಅಂದಳು ಸಾಬಮ್ಮ.
ಬಸ್ಸಿಳಿದು ಬಂದವಳು ನಿಂತೇ ಇದ್ದಳು,
ಚೀಲ ಕೆಳಗಿಟ್ಟಿರಲಿಲ್ಲ.
ತುಂಬಿದ್ದು ನೀರು.
ತೋಳಿಗೆ ಪಟ್ಟಿ ಸುತ್ತಿದೆ: ಹತ್ತೂವರೆ ಸೆಂಟಿಮೀಟರು, ಕೆಂಪು.
ಅತ್ತೆ ಕಟ್ಟಿದ ಕರಿದಾರ ರಟ್ಟೆಯಿಂದ ಜಾರಿ
ಮಣಿಕಟ್ಟಿಗೆ ಬಂದು ನಿಂತಿತ್ತು.
ಬಿಚ್ಚು ಅನ್ನಲಿಲ್ಲ ನಾನು.
ದಾರ ನನಗಿಂತ ಮೊದಲೇ ಅಳೆದಿತ್ತು.

ಹೆಸರು ಮೌನೇಶ. ಒಂದು ವರ್ಷ ಐದು ತಿಂಗಳು.
ಅಳುವುದಿಲ್ಲ.
ಸೂಜಿಗೂ ಅಳಲಿಲ್ಲ, ತಕ್ಕಡಿಯ ತಣ್ಣನೆ ತಟ್ಟೆಗೂ.
"ಎಷ್ಟು ಶಾಣ್ಯಾ ಕೂಸ" ಅಂದಳು ಪಕ್ಕದ ಮಂಚದ ಅಜ್ಜಿ.
ಇಪ್ಪತ್ತೆರಡು ವರ್ಷದಿಂದ ಈ ಮಾತಿಗೆ
ನನ್ನ ಬೆನ್ನು ತಣ್ಣಗಾಗುತ್ತದೆ.
ಬೀದರಿನ ಮಿಷನ್ ಆಸ್ಪತ್ರೆಯಲ್ಲಿ ಆಯಾ ಆಗಿದ್ದ ನಮ್ಮವ್ವ
ಹೇಳುತ್ತಿದ್ದಳು: ಸುಮ್ಮನಿರೋ ಕೂಸಿನ ಹತ್ರ ಮೊದಲು ಹೋಗು,
ಅಳೋ ಕೂಸು ಕಾಯ್ತದ.

ಎರಡು ತಾಸಿಗೊಮ್ಮೆ ಹಾಲು, ಸಕ್ಕರೆ, ಅಳೆದು ಹಾಕಿದ ಎಣ್ಣೆ.
ರಾತ್ರಿಯೂ.
ಚಮಚೆ ತುಟಿಗೆ ಮುಟ್ಟಿಸಿ ಕಾಯಬೇಕು,
ಕದ ತಟ್ಟಿ ಹೊರಗೆ ನಿಂತ ಹಾಗೆ.
ಸಾಬಮ್ಮನ ಬೆರಳಲ್ಲಿ ಮೆಣಸಿನಕಾಯಿಯ ಉರಿ,
ಎರಡು ತಿಂಗಳಿಂದ ಬಿಡಿಸಿದ್ದು.
ಮಗನ ಬಾಯಿಗೆ ಕೈ ಒಯ್ಯಲು ಹೆದರಿಕೆ.
ಸೋಪು ಕೊಟ್ಟೆ, ಕೊಬ್ಬರಿ ಎಣ್ಣೆ ಕೊಟ್ಟೆ.
"ಹೋಗಂಗಿಲ್ರಿ ಅಕ್ಕೋರೆ, ಒಳಗ ಇಳದದ."

ಮೂರನೇ ದಿನ ತೂಕ ಇಳಿಯಿತು.
ಏಳು ಕಿಲೋ ಇದ್ದದ್ದು ಆರೂ ಆರುನೂರು.
"ನಿಮ್ಮಲ್ಲಿ ಬಂದು ಇಳದಾನ!"
ಮೊದಲು ನೀರು ಹೋಗತದ, ಆಮ್ಯಾಲೆ ಮಾಂಸ ಬರತದ, ಅಂದೆ.
ಹೊಲಕ್ಕೆ ನೀರು ಕಟ್ಟಿದವಳು, ನಂಬಲಿಲ್ಲ.
ಪುಣೆಯಿಂದ ಗಂಡ ಫೋನಿನಲ್ಲಿ ರೇಗಿದ.
ಫೋನು ನನ್ನ ಕೈಗೆ ತುರುಕಿದಳು.
ಅವನ ಹಿಂದೆ ಸಿಮೆಂಟು ಕಲಸುವ ಮಿಷನ್ನು ತಿರುಗುತ್ತಿತ್ತು.
"ಸಿಸ್ಟರ್, ಉಳೀತಾನೋ ಇಲ್ಲೋ, ಅಷ್ಟ ಹೇಳ್ರಿ."
ಗಟ್ಟಿಯಾಗಿ ಹೇಳಿದೆ. ಅವನಿಗೆ ಕೇಳಿಸಿತೋ
ಆ ಮಿಷನ್ನಿಗೆ ಕೇಳಿಸಿತೋ.

ಕಿಟಕಿಯಲ್ಲಿ ಮಲಗಿದ ಬುದ್ಧನ ಬೆಟ್ಟ.
ಶಹಾಪುರಕ್ಕೆ ಬಂದವರು ಮುಖ ಹುಡುಕುತ್ತಾರೆ.
ನಾನು ಹೊಟ್ಟೆ ನೋಡುತ್ತೇನೆ,
ಉಸಿರಿಗೆ ಏಳುತ್ತದೋ ಎಂದು.
ಕೆಲಸದ ಚಟ.

ಎಂಟನೇ ದಿನ, ನಸುಕಿನ ನಾಲ್ಕು.
ಚಮಚೆ ಒಯ್ದೆ. ತಾನೇ ಬಾಯಿ ತೆರೆದ,
ಚಮಚೆಯ ಹಿಂದೆ ಹೋದ ನನ್ನ ಹೆಬ್ಬೆರಳು
ಕಚ್ಚಿದ.
ಬಿಡಲಿಲ್ಲ. ನಾಲ್ಕೇ ಹಲ್ಲು, ಎರಡು ಮೇಲೆ ಎರಡು ಕೆಳಗೆ.
ಕಿತ್ತುಕೊಂಡೆ.
ಅತ್ತ.
ಕೆಟ್ಟ ಅಳು, ಬೈಗುಳದಂಥ ಅಳು,
ವಾರ್ಡಿನ ಆರೂ ಮಂಚ ಎದ್ದು ಕೂತವು.
ಸಾಬಮ್ಮ ಅವನ ಬೆನ್ನಿಗೊಂದು ಕೊಟ್ಟಳು,
"ಅಕ್ಕೋರಿಗೆ ಕಚ್ಚತೀಯೇನೋ ಭಾಡ್ಯಾ!"
ನಾನು ನಗುತ್ತಿದ್ದೆ.
ಯಾಕೆಂದು ಅವಳಿಗೆ ತಿಳಿಯಲಿಲ್ಲ.
ಆಮೇಲೆ ತಿಳಿಯಿತು.
ಬಟ್ಟಲು ನನ್ನಿಂದ ಕಸಿದುಕೊಂಡು
ಅದೇ ಮೆಣಸಿನಕಾಯಿಯ ಕೈಯಲ್ಲಿ ತಿನಿಸಿದಳು.

ಹದಿನಾಲ್ಕು ದಿನ ಇರಬೇಕು. ಹನ್ನೊಂದಕ್ಕೆ ಹೊರಟಳು.
ದೊಡ್ಡ ಮಗಳು ಸಾಲಿ ಬಿಟ್ಟು ಒಲೆ ಹಚ್ಚುತ್ತಿದ್ದಾಳೆ,
ಅತ್ತೆಗೆ ಕಣ್ಣು ಮಂಜು,
ಕಾಯಿ ಕೆಂಪಾಗಿ ನಿಂತಿದೆ, ಹೋಗದಿದ್ದರೆ ಬೇರೆಯವರು ಹೋಗುತ್ತಾರೆ.
ಬೇಡ ಅಂದೆ. ಕೈ ಹಿಡಿದು ಬೇಡ ಅಂದೆ.
ಅವರೂರಿನ ಅಂಗನವಾಡಿಯ ರಾಚಮ್ಮನಿಗೆ ಫೋನು ಹಚ್ಚಿದೆ:
ಮೊಟ್ಟೆ ಕೊಟ್ಟು ಬರಬ್ಯಾಡ,
ಎದುರಿಗೆ ಕೂತು ತಿನಿಸು.
ಹದಿನೈದು ದಿನಕ್ಕೆ ತೋರಿಸಲು ಬರಬೇಕು.
ಚೀಟಿಯಲ್ಲಿ ತಾರೀಖು ಬರೆದೆ,
ರೊಕ್ಕ ಇಡುವ ಸಂಚಿಯಲ್ಲೇ ಇಡಿಸಿದೆ.
ಬಂದಾಳು.

ರಾತ್ರಿ ಮನೆಯಲ್ಲಿ ಚಿತ್ರಾನ್ನಕ್ಕೆ ನಿಂಬೆ ಹಿಂಡುವಾಗ
ಹೆಬ್ಬೆರಳು ಚುರುಕ್ಕೆಂದಿತು.
ಬಲ್ಬಿನ ಕೆಳಗೆ ಹಿಡಿದು ನೋಡಿದೆ.
ಮೂರು ದಿನವಾದರೂ ಹಲ್ಲಿನ ಗುಳಿ
ಅಲ್ಲೇ ಇತ್ತು, ಏಳದೆ.
ಇನ್ನೊಂದು ಹೋಳು ಹಿಂಡಿದೆ.